ಎದ್ದೊಡನೆ ಕೈಕಾಲು ಹಿಡಿದುಕೊಂಡರೆ: ಹಿರಿಯರಿಗೆ ಹಾಸಿಗೆಯಿಂದಲೇ ಶುರುವಾಗುವ ಕ್ರಮ

ಬೆಳಿಗ್ಗೆ ಎದ್ದ ಕೂಡಲೇ ಮಂಡಿ ಮಡಚಲು ಬರುವುದಿಲ್ಲ, ಬೆರಳು ಮುಷ್ಟಿ ಕಟ್ಟುವುದಿಲ್ಲ, ಸೊಂಟ ನೆಟ್ಟಗಾಗಬೇಕಾದರೆ ಗೋಡೆ ಹಿಡಿಯಬೇಕು. ಅರವತ್ತು ದಾಟಿದವರಿರುವ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಅದಕ್ಕೆ ಮನೆಯವರು ಕೊಡುವ ಸಲಹೆಯೂ ದಿನನಿತ್ಯದ್ದೇ: "ಮಂಡಿ ಸವೆದಿದೆ, ಜಾಸ್ತಿ ಓಡಾಡಬೇಡಿ, ಇನ್ನೂ ಸ್ವಲ್ಪ ಹೊತ್ತು ಮಲಗಿರಿ." ಪ್ರೀತಿಯಿಂದ ಹೇಳಿದ್ದೇ ಸರಿ. ಆದರೆ ಬೆಳಗಿನ ಬಿಗಿತವನ್ನು ಅದು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಕಾರಣ ಕೀಲಿನ ರಚನೆಯಲ್ಲೇ ಇದೆ. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನೊಳಗಿನ ದ್ರವದಿಂದ. ಆ ದ್ರವ ಮೃದ್ವಸ್ಥಿಯ ಒಳಹೊರಗೆ ಚೆನ್ನಾಗಿ ಹರಿದಾಡಬೇಕಾದರೆ ಕೀಲು ಅಲುಗಾಡಬೇಕು, ಅದರ ಮೇಲೆ ಭಾರ ಬೀಳಬೇಕು, ಬಿದ್ದ ಭಾರ ಇಳಿಯಬೇಕು. ರಾತ್ರಿ ಆರೇಳು ಗಂಟೆ ಹೆಚ್ಚು ಕದಲದೆ ಮಲಗಿದಾಗ ದ್ರವ ಮಂದವಾಗಿರುತ್ತದೆ, ಕೀಲಿನ ಸುತ್ತಲಿನ ಸ್ನಾಯುಗಳು ಬಿಗಿದಿರುತ್ತವೆ. ಕೀಲನ್ನು ಆಡಿಸತೊಡಗಿದರೆ ಅದೇ ದ್ರವ ಮತ್ತೆ ತೆಳುವಾಗುತ್ತದೆ. ಶಿವಮೊಗ್ಗದಿಂದ ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕೂತು ಇಳಿಯುವಾಗ ಮಂಡಿ ಹಿಡಿದುಕೊಳ್ಳುವುದೂ ಇದಕ್ಕೇ. "ಮಂಡಿಯಲ್ಲಿ ಎಣ್ಣೆ ಖಾಲಿಯಾಗಿದೆ" ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಸವೆತದಿಂದ ನೋಯುವ ಮಂಡಿಯಲ್ಲೂ ದ್ರವ ಇರುತ್ತದೆ. ಎಷ್ಟೋ ಸಲ ಇರಬೇಕಾದ್ದಕ್ಕಿಂತ ಹೆಚ್ಚೇ ತುಂಬಿಕೊಂಡು ಊದಿರುತ್ತದೆ.

ಮುಂದೆ ಹೇಳುವ ಕ್ರಮ ಮುಖ್ಯವಾಗಿ ವಯಸ್ಸಿನ ಸವೆತದಿಂದ ಬರುವ ಬಿಗಿತಕ್ಕೆ, ಅಂದರೆ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುವ ಸ್ಥಿತಿಗೆ. ನಿಮ್ಮದು ಅದೇ ಹೌದೋ ಅಲ್ಲವೋ ಎಂಬುದರ ಮೊದಲ ಸುಳಿವು ಗಡಿಯಾರದಲ್ಲಿ ಸಿಗುತ್ತದೆ.

ಮೊದಲು ನಿಮಿಷ ಎಣಿಸಿ

ಒಂದು ವಾರ ಹಾಸಿಗೆಯ ಪಕ್ಕ ಪುಸ್ತಕ, ಪೆನ್ನು ಇಟ್ಟುಕೊಳ್ಳಿ. ಎಚ್ಚರವಾದ ಹೊತ್ತು ಮತ್ತು ಕೈಕಾಲು ಸಡಿಲವಾಗಿ ಮಾಮೂಲಿನಂತೆ ಆಡತೊಡಗಿದ ಹೊತ್ತು, ಎರಡನ್ನೂ ಬರೆಯಿರಿ. ಯಾವ ಕೀಲು ಎಂಬುದನ್ನೂ ಬರೆಯಿರಿ. ನೋವು ಎಷ್ಟಿತ್ತು ಎನ್ನುವುದಕ್ಕಿಂತ ಬಿಗಿತ ಎಷ್ಟು ಹೊತ್ತು ಇತ್ತು ಎನ್ನುವುದು ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಅರ್ಧ ಗಂಟೆಯೊಳಗೆ ಸಡಿಲವಾದರೆ, ಹಗಲಲ್ಲಿ ಹೆಚ್ಚು ಕೆಲಸ ಮಾಡಿದಾಗ ನೋವು ಏರಿದರೆ, ಅದು ಬಹುಮಟ್ಟಿಗೆ ಸವೆತದ ಲಕ್ಷಣ. ಮಂಡಿ, ಹೆಬ್ಬೆರಳಿನ ಬುಡ, ಬೆರಳ ತುದಿಯ ಗೆಣ್ಣುಗಳು ಇದರ ಮೆಚ್ಚಿನ ಜಾಗಗಳು. ಮುಕ್ಕಾಲು ಗಂಟೆ, ಒಂದು ಗಂಟೆ ಕಳೆದರೂ ಬಿಡದಿದ್ದರೆ ಉರಿಯೂತದ ಕಾಯಿಲೆಯ ಶಂಕೆ ಬರುತ್ತದೆ. ಎರಡೂ ಕೈಗಳ ಮುಷ್ಟಿಯ ಗೆಣ್ಣುಗಳು ಮತ್ತು ಮಣಿಕಟ್ಟು ಒಟ್ಟಿಗೇ ಊದಿ ನೋಯುತ್ತಿದ್ದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅದು ಎಪ್ಪತ್ತರ ವಯಸ್ಸಿನಲ್ಲೂ ಹೊಸದಾಗಿ ಶುರುವಾಗುತ್ತದೆ. ಅದಕ್ಕೆ ಬೇರೆಯೇ ಔಷಧ ಬೇಕು, ವ್ಯಾಯಾಮವೊಂದೇ ಸಾಲದು.

ಇನ್ನೊಂದು ಕಾಯಿಲೆಯ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ: ಪಾಲಿಮಯಾಲ್ಜಿಯಾ ರುಮಾಟಿಕಾ. ಐವತ್ತು ದಾಟಿದವರಲ್ಲಿ ಮಾತ್ರ ಕಾಣುವ ಇದರಲ್ಲಿ ಎರಡೂ ಭುಜ, ಎರಡೂ ತೊಡೆಸಂದು ಬೆಳಿಗ್ಗೆ ಬಹಳ ಹೊತ್ತು ಬಿಗಿದಿರುತ್ತವೆ. ತಲೆ ಬಾಚಲು ಕೈ ಎತ್ತಲಾಗದು, ಮಗ್ಗುಲು ಬದಲಿಸಲಾಗದು. ವಯಸ್ಸಾಯಿತೆಂದು ಸುಮ್ಮನಿರುತ್ತಾರೆ. ವೈದ್ಯರ ನಿಗಾದಲ್ಲಿ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ಕೆಲವೇ ದಿನಗಳಲ್ಲಿ ದೊಡ್ಡ ಬದಲಾವಣೆ ಕಾಣುತ್ತದೆ. ಇದರ ಜೊತೆಗೆ ಕಣತಲೆಯಲ್ಲಿ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ದೃಷ್ಟಿ ಮಂಜಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಕಣ್ಣು ಹೋಗುವ ಅಪಾಯವಿದೆ. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಬಂದರೂ ಅಷ್ಟೇ ತುರ್ತು.

ಸಕ್ಕರೆ ಕಾಯಿಲೆ ಇರುವವರು ಒಮ್ಮೆ ಕೈ ಮುಗಿದು ನೋಡಿ. ಎರಡೂ ಅಂಗೈ, ಬೆರಳುಗಳು ಬುಡದಿಂದ ತುದಿಯವರೆಗೆ ಒಂದಕ್ಕೊಂದು ಪೂರ್ತಿ ತಾಗದೆ ನಡುವೆ ಸಂದು ಉಳಿದರೆ, ಬಹುಕಾಲದ ಸಕ್ಕರೆಯಿಂದ ಬೆರಳ ಚರ್ಮ ಮತ್ತು ಸುತ್ತಲಿನ ಅಂಗಾಂಶ ಪೆಡಸಾಗಿರಬಹುದು. ಭುಜ ಹಿಡಿದುಕೊಳ್ಳುವುದೂ ಇವರಲ್ಲಿ ಹೆಚ್ಚು. ಇನ್ನು ಚಿಕೂನ್‌ಗುನ್ಯಾ. 2006ರಲ್ಲಿ ಅದು ರಾಜ್ಯದ ಹಳ್ಳಿ ಹಳ್ಳಿಗಳನ್ನು ಮಲಗಿಸಿದ್ದನ್ನು ಕಂಡವರಿಗೆ ವಿವರಿಸಬೇಕಿಲ್ಲ: ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಬೆಳಗಿನ ಬಿಗಿತ ಉಳಿಯಬಹುದು. ಈಚೆಗೆ ಅಂಥ ಜ್ವರ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಹಿಂದಿನ ರಾತ್ರಿಯ ಸಿದ್ಧತೆ

ನೆಲದ ಮೇಲೆ ಚಾಪೆ ಹಾಸಿ ಮಲಗಿ ಅಭ್ಯಾಸವಾದವರಿಗೆ ಮಂಚ ಒಗ್ಗುವುದಿಲ್ಲ. ಬೆನ್ನಿಗೆ ನೆಲವೇ ಹಿತ ಎನ್ನುತ್ತಾರೆ. ಬೆನ್ನಿನ ಮಾತು ಹೇಗಿದ್ದರೂ, ಬಿಗಿದ ಮಂಡಿಯಲ್ಲಿ ನೆಲದಿಂದ ಏಳುವುದೇ ದಿನದ ಅತಿ ಕಷ್ಟದ ಕೆಲಸ. ಅದನ್ನು ಕೀಲುಗಳು ಅತ್ಯಂತ ಪೆಡಸಾಗಿರುವ ಹೊತ್ತಿನಲ್ಲೇ ಏಕೆ ಮಾಡಿಸಬೇಕು? ಮಂಚದ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ಎತ್ತರ ಅಷ್ಟಿದ್ದರೆ ಸಾಕು. ಬೆನ್ನಿಗೆ ಗಟ್ಟಿಯಾಗಿರಲಿ ಎಂದರೆ ಮಂಚದ ಹಲಗೆಯ ಮೇಲೆ ಹತ್ತಿಯ ತೆಳು ಹಾಸಿಗೆ ಹಾಕಿಕೊಳ್ಳಬಹುದು.

ಮಂಡಿಯ ಕೆಳಗೆ ದಿಂಬು ಇಟ್ಟು ಮಲಗುವುದು ಹಿತವೆನಿಸುತ್ತದೆ. ಆದರೆ ರಾತ್ರಿಯಿಡೀ, ತಿಂಗಳುಗಟ್ಟಲೆ ಹಾಗೆ ಮಲಗಿದರೆ ಮಂಡಿ ಮಡಚಿದ ಭಂಗಿಯಲ್ಲೇ ಸೆಟೆದುಕೊಂಡು, ಕಾಲು ಪೂರ್ತಿ ನೀಡಲಾಗದ ಸ್ಥಿತಿ ಬರಬಹುದು. ಬದಲಿಗೆ ಮಗ್ಗುಲಾಗಿ ಮಲಗಿ ಎರಡು ಮಂಡಿಗಳ ನಡುವೆ ದಿಂಬು ಇಡಿ.

ಮಾರ್ಗಶಿರ, ಪುಷ್ಯದ ಚಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಕೀಲುಗಳನ್ನು ಮುಚ್ಚಿಕೊಂಡು ಮಲಗಿ. ಭಾರದ ಒಂದು ಕಂಬಳಿಗಿಂತ ಹಗುರಾದ ಎರಡು ಹೊದಿಕೆ ಮೇಲು, ಮಗ್ಗುಲು ಬದಲಿಸಲು ಸುಲಭ. ಕಾಲುಚೀಲ ಹಾಕಿದರೆ ಅದರಲ್ಲೇ ನೆಲಕ್ಕೆ ಇಳಿಯಬೇಡಿ, ನಯವಾದ ಟೈಲ್ಸ್ ಮೇಲೆ ಜಾರುತ್ತದೆ. ಕೈಗೆ ಸಿಗುವಂತೆ ಊರುಗೋಲು, ಹಿಂಬದಿ ಪಟ್ಟಿಯಿರುವ ಚಪ್ಪಲಿ, ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಬಚ್ಚಲಿನ ದಾರಿಗೆ ಸಣ್ಣ ದೀಪವೊಂದು ರಾತ್ರಿಯಿಡೀ ಉರಿಯಲಿ.

ಹಾಸಿಗೆಯಲ್ಲೇ ಹತ್ತು ನಿಮಿಷ

ಈ ಲೇಖನದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ಎಚ್ಚರವಾದ ಮೇಲೆ, ಹೊದಿಕೆಯೊಳಗೇ, ಅಂಗಾತ ಮಲಗಿಕೊಂಡೇ ಮಾಡುವುದು. ದೇಹದ ಭಾರ ಕೀಲಿನ ಮೇಲೆ ಬೀಳುವ ಮೊದಲೇ ಕೀಲು ಒಂದಷ್ಟು ಸಡಿಲವಾಗಿರಬೇಕು ಎಂಬುದು ಇದರ ಉದ್ದೇಶ.

ಪಾದದಿಂದ ಆರಂಭಿಸಿ. ಪಾದಗಳನ್ನು ನಿಮ್ಮ ಕಡೆಗೆ ಎಳೆದುಕೊಂಡು, ಮತ್ತೆ ಮುಂದಕ್ಕೆ ಚಾಚಿ. ಹೀಗೆ ಹದಿನೈದು ಸಲ. ಮೀನಖಂಡದಲ್ಲಿ ಎಳೆತ ತಿಳಿಯಬೇಕು. ಆಮೇಲೆ ಪಾದಗಳನ್ನು ಎರಡೂ ದಿಕ್ಕಿಗೆ ಐದೈದು ಸುತ್ತು ತಿರುಗಿಸಿ. ಹಿಮ್ಮಡಿ ನೋವಿನಿಂದ ಮೊದಲ ಹೆಜ್ಜೆಯೇ ಊರಲಾಗದವರಿಗೂ ಇದು ಒಳ್ಳೆಯದು.

ನಂತರ ಹಿಮ್ಮಡಿ ಜಾರಿಸುವುದು. ಒಂದು ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿಕೊಂಡೇ ಮೆಲ್ಲಗೆ ಪೃಷ್ಠದ ಕಡೆಗೆ ಎಳೆಯಿರಿ, ಮಂಡಿ ಮಡಚಿಕೊಳ್ಳುತ್ತದೆ. ಎಲ್ಲಿ ತಡೆಯುತ್ತದೋ ಅಲ್ಲಿ ನಿಲ್ಲಿಸಿ, ಮತ್ತೆ ಮುಂದಕ್ಕೆ ಜಾರಿಸಿ. ಒಂದೊಂದು ಕಾಲಿಗೆ ಎಂಟರಿಂದ ಹತ್ತು ಸಲ. ಮೊದಲ ಎರಡು ಸಲ ಮಂಡಿ ಮೊಂಡಾಟ ಮಾಡುತ್ತದೆ. ನಾಲ್ಕೈದನೆಯದಕ್ಕೆ ಬರುವಾಗ ಒಂದಿಷ್ಟು ಹೆಚ್ಚು ಮಡಚುವುದು ನಿಮಗೇ ಗೊತ್ತಾಗಬಹುದು. ಮಂಡಿಯಲ್ಲಿ ಕಟಕಟ ಸದ್ದು ಬಂದರೆ, ನೋವಿಲ್ಲದಿದ್ದರೆ, ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು ತೊಡೆಯ ಮುಂಭಾಗದ ಸ್ನಾಯುವಿಗೆ. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ಮಂಡಿಯ ಹಿಂಬದಿಯಿಂದ ಅದನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡು ಹಿಡಿದು ಬಿಡಿ. ಹತ್ತು ಸಲ ಮಾಡಿ. ಮುಗಿದ ಮೇಲೆ ಟವೆಲ್ ತೆಗೆದುಬಿಡಿ. ಒತ್ತುವಾಗ ಉಸಿರು ಕಟ್ಟಬಾರದು, ರಕ್ತದೊತ್ತಡ ಏರುತ್ತದೆ. ಗಟ್ಟಿಯಾಗಿ ಒಂದರಿಂದ ಐದು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ. ದೇವರ ನಾಮ ಹೇಳಿಕೊಂಡರೂ ಕೆಲಸ ನಡೆಯುತ್ತದೆ. ಮಂಡಿಗೆ ಆಸರೆಯಾಗಿ ನಿಲ್ಲುವುದು ಈ ಸ್ನಾಯುವೇ ಆದ್ದರಿಂದ ಮಂಡಿನೋವಿನವರು ಇದನ್ನು ಬಿಡಬಾರದು.

ಸೊಂಟಕ್ಕೆ, ಎರಡೂ ಮಂಡಿ ಮಡಚಿ ಪಾದ ಹಾಸಿಗೆಯ ಮೇಲೆ ಊರಿ, ಮಂಡಿಗಳನ್ನು ಜೊತೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಸುವೇ ವಾಲಿಸಿ. ತೊಡೆಸಂದಿನ ಕೀಲು ಬದಲಿಸಿಕೊಂಡವರು ಮಾತ್ರ ತಮ್ಮ ಶಸ್ತ್ರವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಕೈಗಳಿಗೆ ಬಂದರೆ, ಎದ್ದೊಡನೆ ಅಂಗೈ ಉಜ್ಜಿ ನೋಡಿಕೊಳ್ಳುವ ರೂಢಿ ಅನೇಕರಿಗೆ ಇದ್ದೇ ಇದೆ. ಅದಕ್ಕೆ ಇನ್ನೊಂದು ನಿಮಿಷ ಸೇರಿಸಿ. ಬೆರಳು ಪೂರ್ತಿ ಬಿಡಿಸಿ, ಮೊದಲು ಮೇಲಿನ ಎರಡು ಗೆಣ್ಣು ಮಾತ್ರ ಮಡಚಿ ಕೊಕ್ಕೆಯಂತೆ ಮಾಡಿ, ಮತ್ತೆ ಬಿಡಿಸಿ, ಆಮೇಲೆ ಪೂರ್ತಿ ಮುಷ್ಟಿ ಕಟ್ಟಿ. ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸಿ. ಮಣಿಕಟ್ಟು ಮೇಲೆ ಕೆಳಗೆ ಆಡಿಸಿ. ಭುಜ ಏಳದವರು ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದು ತಲೆಯ ಕಡೆಗೆ ಮೆಲ್ಲಗೆ ಎತ್ತಲಿ. ಕುತ್ತಿಗೆಯನ್ನು ಎಡಬಲಕ್ಕೆ ತಿರುಗಿಸಿದರೆ ಸಾಕು, ಸುತ್ತ ಗಿರಕಿ ಹೊಡೆಸುವುದು ಬೇಡ.

ಎಷ್ಟು ಮಾಡಿದರೆ ಹೆಚ್ಚಾಯಿತು? ಮಾಡುವಾಗ ಎಳೆತ, ಸಣ್ಣ ನೋವು ಇರಬಹುದು. ಮಾಡಿ ಎರಡು ಗಂಟೆ ಕಳೆದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ನಾಳೆ ಅರ್ಧಕ್ಕೆ ಇಳಿಸಿ. ಬಿಟ್ಟುಬಿಡಬೇಡಿ.

ಏಳುವ ಬಗೆ

ಬಲಮಗ್ಗುಲಿಗೆ ಹೊರಳಿ ಏಳಬೇಕು ಎಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಹೇಳಿಕೊಡುತ್ತಾರೆ. ಫಿಸಿಯೋಥೆರಪಿಯವರು ಕಲಿಸುವುದೂ ಸರಿಸುಮಾರು ಅದನ್ನೇ, ಬಲವೇ ಆಗಬೇಕೆಂಬ ಹಟ ಅವರಿಗಿಲ್ಲ. ಅಂಗಾತ ಮಲಗಿದ್ದವರು ನೇರವಾಗಿ ಬೆನ್ನೆತ್ತಿ ಕೂರಬೇಡಿ. ಮಂಚದ ಅಂಚಿನ ಕಡೆಗೆ ಪೂರ್ತಿ ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಮತ್ತು ಅಂಗೈ ಊರಿ ಎದ್ದು ಕೂರಿ.

ಕೂತ ಮೇಲೆ ಒಂದೆರಡು ನಿಮಿಷ ಹಾಗೇ ಇರಿ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಹೀಗೆ ಬಿದ್ದು ಸೊಂಟ ಮುರಿದುಕೊಂಡರೆ ಬೆಳಗಿನ ಬಿಗಿತ ಯಾರಿಗೂ ನೆನಪಿರುವುದಿಲ್ಲ. ಆ ಎರಡು ನಿಮಿಷದಲ್ಲಿ ಫ್ಲಾಸ್ಕಿನ ಬಿಸಿನೀರು ಕುಡಿಯಿರಿ, ಕೂತಲ್ಲೇ ಒಂದೊಂದು ಕಾಲನ್ನೂ ನೆಟ್ಟಗೆ ಮುಂದಕ್ಕೆ ನೀಡಿ ಇಳಿಸಿ. ಆಮೇಲೆ ಅಂಗೈಗಳನ್ನು ಹಾಸಿಗೆಗೆ ಊರಿ, ಮುಂದಕ್ಕೆ ಬಾಗಿ ಎದ್ದು ನಿಲ್ಲಿ. ನಿಂತು ಹತ್ತು ಎಣಿಸಿ ಹೆಜ್ಜೆ ಹಾಕಿ.

ನೆಲದ ಮೇಲೆಯೇ ಮಲಗುವವರು ತಲೆದೆಸೆಯಲ್ಲಿ ಜಾರದ, ಗಟ್ಟಿಯಾದ ಮರದ ಕುರ್ಚಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಮಗುಚುತ್ತದೆ. ಮಗ್ಗುಲಾಗಿ, ಅಂಗೈ ಮತ್ತು ಮಂಡಿ ಊರಿ ಅಂಬೆಗಾಲಿಗೆ ಬಂದು, ಕುರ್ಚಿಯ ಕೂರುವ ಹಲಗೆ ಹಿಡಿದು, ಬಲವಿರುವ ಕಾಲಿನ ಪಾದವನ್ನು ಮೊದಲು ಮುಂದೆ ಊರಿ ಏಳಿ.

ಶಾಖ, ಎಣ್ಣೆ, ಬಿಸಿನೀರು

ಬಿಗಿತಕ್ಕೆ ಕಾವು ಹಿತ, ಇದರಲ್ಲಿ ತಕರಾರಿಲ್ಲ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಹದಿನೈದು, ಇಪ್ಪತ್ತು ನಿಮಿಷ ಇಟ್ಟರೆ ಸಾಕು. ಬೆರಳುಗಳಿಗೆ ಬೋಗುಣಿಯಲ್ಲಿ ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರು ಹಾಕಿ, ಕೈ ಅದ್ದಿ, ನೀರೊಳಗೇ ಮುಷ್ಟಿ ಕಟ್ಟಿ ಬಿಡಿಸುತ್ತಿರಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ಬಿಸಿ ಎಷ್ಟೆಂದೇ ತಿಳಿಯುವುದಿಲ್ಲ. ಬೊಬ್ಬೆ ಎದ್ದು, ಗಾಯವಾಗಿ, ಮಾಯದೆ ಕಾಲಿಗೇ ಕುತ್ತು ಬರಬಹುದು. ಅಂಥವರ ನೀರಿನ ಬಿಸಿಯನ್ನು ಮನೆಯಲ್ಲಿ ಬೇರೆಯವರು ಮೊಣಕೈ ಅದ್ದಿ ನೋಡಬೇಕು. ಕೀಲು ಕೆಂಪಾಗಿ ಬಿಸಿಯಾಗಿದ್ದರೆ ಯಾರಿಗೂ ಶಾಖ ಕೊಡಬಾರದು.

ಎಳ್ಳೆಣ್ಣೆಯೋ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂಬ ವಾದದಲ್ಲಿ ನನಗೆ ಆಸಕ್ತಿ ಕಡಿಮೆ. ಎಣ್ಣೆ ಕೀಲಿನೊಳಗೆ ಇಳಿಯುವುದಿಲ್ಲ, ಹಿತ ಕೊಡುವುದು ತಿಕ್ಕುವ ಕೈ ಮತ್ತು ಬೆಚ್ಚಗಿನ ನೀರು. ಮನೆಯಲ್ಲಿ ಯಾವುದಿದೆಯೋ ಅದನ್ನು ಹಚ್ಚಿ. ನನ್ನ ಚಿಂತೆಯೆಲ್ಲ ಎಣ್ಣೆ ಹಚ್ಚಿದ ಪಾದದಲ್ಲಿ ಬಚ್ಚಲಿಗೆ ನಡೆಯುವುದರ ಬಗ್ಗೆ. ಎಣ್ಣೆಸ್ನಾನ ಇರುವ ದಿನ ಅಂಗಾಲಿಗೆ ಎಣ್ಣೆ ಬೇಡ, ಅಥವಾ ಬಚ್ಚಲಿನ ಸ್ಟೂಲಿನ ಮೇಲೆ ಕೂತ ನಂತರ ಹಚ್ಚಿಕೊಳ್ಳಿ. ಬಚ್ಚಲಿನ ನೆಲಕ್ಕೆ ರಬ್ಬರ್ ಮ್ಯಾಟ್, ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ನೇತುಹಾಕುವ ಸರಳು ದೇಹದ ಭಾರ ತಡೆಯುವುದಿಲ್ಲ.

ಡೈಕ್ಲೋಫೆನಾಕ್‌ನಂಥ ನೋವಿನ ಜೆಲ್ ಹಚ್ಚಿದ ಮೇಲೆ ಅದೇ ಜಾಗಕ್ಕೆ ಬಿಸಿ ಚೀಲ ಇಡಬೇಡಿ, ಚರ್ಮ ಸುಡಬಹುದು. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಹಗಲಿನ ನಡವಳಿಕೆ

ಬೆಳಿಗ್ಗೆ ಐದಕ್ಕೇ ವಾಕಿಂಗ್ ಹೋಗಬೇಕೆಂಬ ನಿಯಮವಿಲ್ಲ. ಚಳಿಗಾಲದಲ್ಲಿ ಬಿಸಿಲು ಬಿದ್ದ ಮೇಲೆ, ಕಾಫಿ ತಿಂಡಿ ಮುಗಿಸಿ, ಕೀಲು ಸಡಿಲವಾದ ಮೇಲೆ ಹೊರಡಿ. ಒಂದೇ ಸಲ ಗಂಟೆಗಟ್ಟಲೆ ನಡೆಯುವುದಕ್ಕಿಂತ ಹತ್ತು, ಹದಿನೈದು ನಿಮಿಷದಂತೆ ಎರಡು ಮೂರು ಸಲ ನಡೆಯುವುದು ಮಂಡಿಗೆ ಸುಲಭ. ಊರುಗೋಲನ್ನು ನೋವಿರುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಿಗೆ ಎಡಗೈ. ಬಹಳ ಜನ ಇದನ್ನು ತಿರುಗುಮುರುಗಾಗಿ ಹಿಡಿಯುತ್ತಾರೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬಂದರೆ ಎತ್ತರ ಸರಿ.

ಪೂಜೆಗೆ ಕುರ್ಚಿಯಲ್ಲಿ ಕೂರಿ. ಪದ್ಮಾಸನ ಹಾಕಲಿಲ್ಲವೆಂದು ದೇವರು ಮುನಿಯುವುದಿಲ್ಲ. ಟಿವಿಯಲ್ಲಿ ಹೇಳುವ ವಜ್ರಾಸನ, ಎದ್ದೊಡನೆ ಸೂರ್ಯನಮಸ್ಕಾರ ಬಿಗಿದ ಮಂಡಿಗೆ ತಕ್ಕುದಲ್ಲ. ಬದಲಿಗೆ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆರಡು ಬಾರಿ, ಎಂಟೆಂಟು ಸಲ ಮಾಡಿ. ಆಗದಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿಕೊಳ್ಳಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ನಡುವೆ ರಂಧ್ರವಿರುವ ಕಮೋಡ್ ಕುರ್ಚಿ ಸಿಗುತ್ತದೆ. ಧಾರಾವಾಹಿ ನೋಡುವಾಗ ಜಾಹೀರಾತು ಬಂದಾಗಲೆಲ್ಲ ಎದ್ದು ಅಡುಗೆಮನೆಯವರೆಗೆ ಹೋಗಿ ಬನ್ನಿ. ಜಾಹೀರಾತಿಗೆ ಅಷ್ಟಾದರೂ ಉಪಯೋಗವಿರಲಿ.

ತೂಕ ಹೆಚ್ಚಿದ್ದವರಿಗೆ ಒಂದೇ ಲೆಕ್ಕ: ದೇಹದಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಆಲೂಗಡ್ಡೆ, ಬದನೆಕಾಯಿ, ಅವರೆಕಾಳು ವಾಯು ಎಂದು ಬಿಡಿಸುವುದರಿಂದ ಮಂಡಿ ಸಡಿಲವಾಗುತ್ತದೆಂಬುದಕ್ಕೆ ಆಧಾರವಿಲ್ಲ. ಹಿರಿಯರಿಗೆ ಸಾಕಷ್ಟು ಬೇಳೆಕಾಳು ಸಿಗದಿದ್ದರೆ ಸ್ನಾಯು ಸೊರಗುತ್ತದೆ, ಅದೇ ಹೆಚ್ಚಿನ ನಷ್ಟ. ಹೊಟ್ಟೆ ಉಬ್ಬರಿಸುತ್ತದೆಂದು ಬಿಟ್ಟರೆ ಅದು ಬೇರೆ ಮಾತು. ಯೂರಿಕ್ ಆಮ್ಲ ಏರಿ ಗೌಟ್ ಇರುವವರ ಪಥ್ಯವೂ ಬೇರೆಯೇ.

ಮಾತ್ರೆಗಳ ವಿಷಯದಲ್ಲಿ

ಔಷಧ ಅಂಗಡಿಯಲ್ಲಿ "ಮಂಡಿನೋವಿಗೆ ಒಂದು ಕೊಡಿ" ಎಂದು ಕೇಳಿ ತರುವ ಮಾತ್ರೆಗಳಲ್ಲಿ ಅನೇಕವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ರಕ್ತದೊತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಅಪಾಯ ಇನ್ನೂ ಹೆಚ್ಚು. ಲೇಬಲ್ ಇಲ್ಲದ ಪುಡಿ, ಗುಳಿಗೆ ತಿಂದ ಮರುದಿನವೇ ಕುಣಿದಾಡುವಷ್ಟು ಗುಣವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆ ಬರಬೇಕು. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣದ ಸಮೇತ ವೈದ್ಯರ ಬಳಿ ಹೋಗಿ.

ರುಮಟಾಯ್ಡ್ ಇರುವವರಿಗೆ ಮೆಥೋಟ್ರೆಕ್ಸೇಟ್ ಬರೆದಿದ್ದರೆ ಮನೆಯವರು ಒಂದು ಮಾತು ನೆನಪಿಡಬೇಕು: ಅದು ವಾರಕ್ಕೆ ಒಂದೇ ದಿನದ ಔಷಧ. ಬೇರೆ ಮಾತ್ರೆಗಳಂತೆ ದಿನವೂ ನುಂಗಿ ಪ್ರಾಣಕ್ಕೇ ಕುತ್ತಾದ ಪ್ರಕರಣಗಳಿವೆ. ಕ್ಯಾಲೆಂಡರಿನಲ್ಲಿ ಆ ದಿನವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಮಾತ್ರೆಯ ಪಟ್ಟಿಯನ್ನು ಉಳಿದ ಡಬ್ಬಿಯಿಂದ ಬೇರೆ ಇಡಿ.

ವೈದ್ಯರ ಬಳಿ ಹೋಗುವಾಗ

ಎರಡು ಮೂರು ವಾರ ಈ ಕ್ರಮ ಪಾಲಿಸಿಯೂ ಬಿಗಿತದ ನಿಮಿಷಗಳು ಇಳಿಯದಿದ್ದರೆ, ಅಥವಾ ಮೊದಲೇ ಮುಕ್ಕಾಲು ಗಂಟೆ ಮೀರಿದ್ದರೆ ವೈದ್ಯರನ್ನು ಕಾಣಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇರುತ್ತದೆ, ಅಲ್ಲಿಗೆ ಬರೆದುಕೊಡಿ ಎಂದು ನೀವಾಗಿಯೇ ಕೇಳಿ. ಕೇಳದಿದ್ದರೆ ಬರೀ ಮಾತ್ರೆಯ ಚೀಟಿ ಹಿಡಿದು ಬರುವುದೇ ಹೆಚ್ಚು.

ವಾರದ ಟಿಪ್ಪಣಿ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಮಂಡಿಯ ಎಕ್ಸ್-ರೇ ಬರೆದರೆ ನಿಂತ ಭಂಗಿಯಲ್ಲಿ ತೆಗೆಸಬೇಕೇ ಎಂದು ಕೇಳಿ. ಮಲಗಿಸಿ ತೆಗೆದ ಚಿತ್ರದಲ್ಲಿ ಕೀಲಿನ ಸಂದು ಎಷ್ಟು ಕಿರಿದಾಗಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ಪ್ರಯೋಗಾಲಯದ ಪ್ಯಾಕೇಜಿನಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಬಂತೆಂದು ಗಾಬರಿಯಾಗಬೇಡಿ. ಕಾಯಿಲೆ ಇಲ್ಲದ ಹಿರಿಯರಲ್ಲೂ ಅದು ಪಾಸಿಟಿವ್ ಬರುವುದುಂಟು. ಲಕ್ಷಣಗಳ ಜೊತೆಗಿಟ್ಟು ಓದಿದಾಗ ಮಾತ್ರ ಅದಕ್ಕೆ ಅರ್ಥ.

ಕೊನೆಯದಾಗಿ ಒಂದು ಉಪಾಯ. ವೈದ್ಯರು ಸಿಗುವುದು ಹನ್ನೊಂದು ಗಂಟೆಗೋ ಸಂಜೆಯೋ. ಅಷ್ಟು ಹೊತ್ತಿಗೆ ಬೆರಳು ಸಡಿಲವಾಗಿರುತ್ತದೆ, ನಡಿಗೆ ಸರಾಗವಾಗಿರುತ್ತದೆ, ಹೇಳಿದ್ದು ಅವರಿಗೆ ಕಾಣುವುದಿಲ್ಲ. ಎದ್ದ ಹತ್ತು ನಿಮಿಷದೊಳಗೆ ಮುಷ್ಟಿ ಕಟ್ಟುವುದನ್ನೂ ನಾಲ್ಕು ಹೆಜ್ಜೆ ನಡೆಯುವುದನ್ನೂ ಮಗನೋ ಸೊಸೆಯೋ ಮೊಬೈಲಿನಲ್ಲಿ ವಿಡಿಯೋ ಮಾಡಿಡಲಿ. ಗೆಣ್ಣು ಊದಿದ್ದರೆ ಆಗಲೇ ಫೋಟೋ ತೆಗೆಯಲಿ. ಉಂಗುರ ಬೆಳಿಗ್ಗೆ ಬಿಗಿಯಾಗಿ ಮಧ್ಯಾಹ್ನ ಸಡಿಲವಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.